ದಿನಾ ಸಂಜೆ ನೀರು ಚಿಮುಕಿಸಿದರೂ ಸ್ಪ್ಯಾನಿಷ್ ಮಾಸ್ ಒಳಗಿಂದ ಕಪ್ಪಾಗ್ತಿದೆ, ಯಾಕೆ?

ಆ ‘ದಿನಾ ಸಂಜೆ’ಯೇ ತೊಂದರೆ ಮಾರಾಯ್ರೆ.

ಬೆಂಗಳೂರಿನ ಫ್ಲ್ಯಾಟು, ಎರಡು ತಿಂಗಳ ಹಿಂದೆ ತಂದ ಗೊಂಚಲು, ಸೋಫಾದ ಮೇಲ್ಗಡೆ ಗೋಡೆಗೆ ತೂಗು ಹಾಕಿದ್ದೀರಿ, ಆಫೀಸಿಂದ ಬಂದ ಮೇಲೆ ಸ್ಪ್ರೇ. ಹೊರಗೆ ಬೂದಿ ಬಣ್ಣ, ಒಳಗೆ ಕಪ್ಪು ಅಂತ ಬರೆದಿದ್ದೀರಿ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವ. ಅಡಿಕೆ ತೋಟದ ಮಧ್ಯೆ ಮನೆ. ಈ ಗಿಡವನ್ನು ಆರು ವರ್ಷದಿಂದ ಸಾಕುತ್ತಿದ್ದೇನೆ, ಎರಡು ಸಲ ಕೊಂದಿದ್ದೇನೆ. ಕಲಿತದ್ದು ಜಾಸ್ತಿ ಕೊಂದಾಗಲೇ.

ಹೆಸರಿನಲ್ಲಿ ಮಾಸ್ ಇದ್ದರೂ ಇದು ಪಾಚಿ ಅಲ್ಲ. ಸ್ಪೇನಿನದ್ದೂ ಅಲ್ಲ. ಅಮೆರಿಕದ ವರ್ಜೀನಿಯಾದಿಂದ ಕೆಳಗೆ ಅರ್ಜೆಂಟೀನಾದವರೆಗೆ ಮರಗಳಲ್ಲಿ ಗಡ್ಡದ ಹಾಗೆ ಜೋತು ಬಿದ್ದಿರುತ್ತದೆ. ಟಿಲಾಂಡ್ಸಿಯಾ ಅಂತ ಅದರ ಜಾತಿ, ಅನಾನಸಿನ ಕುಟುಂಬ. ನಮ್ಮ ತೋಟದ ಬದಿಯಲ್ಲಿ ಅನಾನಸು ಧಾರಾಳ ಉಂಟು. ಅದರ ಎಲೆಯ ಹಿಂಬದಿ ಹೆಬ್ಬೆರಳಿನಿಂದ ಉಜ್ಜಿದರೆ ಬೂದಿಯಂಥದ್ದು ಕೈಗೆ ಹತ್ತುತ್ತದೆ. ಅದು ಸಣ್ಣ ಸಣ್ಣ ಹುರುಪೆ. ನಿಮ್ಮ ಗಿಡದ ಎಳೆ ತುಂಬ ಇರುವುದೂ ಅದೇ. ಬೆಳೆದ ಗಿಡಕ್ಕೆ ಬೇರು ಅಂತ ಇಲ್ಲ. ನೀರು, ಗೊಬ್ಬರ ಎಲ್ಲವನ್ನೂ ಈ ಹುರುಪೆಯೇ ಹೀರಬೇಕು. ಒಣಗಿದಾಗ ಬೂದಿ ಬಣ್ಣ, ಒದ್ದೆಯಾದರೆ ಹಸಿರು ಕಾಣುವುದೂ ಇದರಿಂದಲೇ.

ನಮ್ಮ ಚಿಕ್ಕಮ್ಮ ಮೊದಲ ಸಲ ನೋಡಿದಾಗ, “ಇದೆಂತದು, ಬಂದಳಿಕೆಯನ್ನು ದುಡ್ಡು ಕೊಟ್ಟು ತಂದದ್ದಾ?” ಅಂತ ಕೇಳಿದ್ದರು. ಬಂದಳಿಕೆ ಮರದ ರಸ ಹೀರುತ್ತದೆ. ಇದು ಹಾಗಲ್ಲ, ಸುಮ್ನೆ ಜೋತಾಡುತ್ತದೆ ಅಷ್ಟೆ. ಮಾವಿನ ಮರದಲ್ಲಿ ಕೂರುವ ಸೀತಾಳೆ ದಂಡೆ ಆರ್ಕಿಡ್‌ನ ಹಾಗೆ ಅಂದ ಮೇಲೆ ಒಪ್ಪಿದರು.

ಈಗ ಸಂಜೆಯ ವಿಷಯ. ಹೆಚ್ಚಿನ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿ ಎಳೆಯುತ್ತವೆ. ಇದು ಹಗಲು ಬಾಗಿಲು ಹಾಕಿಕೊಂಡು ಕೂರುತ್ತದೆ, ನೀರು ಉಳಿಸಲಿಕ್ಕೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದಿಟ್ಟುಕೊಂಡು, ಮರುದಿನ ಬಿಸಿಲು ಬಂದಾಗ ಅಡುಗೆ ಮಾಡುತ್ತದೆ. ನೀವು ಸಂಜೆ ಒದ್ದೆ ಮಾಡಿದರೆ ಹುರುಪೆಯ ಮೇಲೆ ನೀರಿನ ಪೊರೆ ನಿಲ್ಲುತ್ತದೆ. ರಾತ್ರಿ ಪೂರ್ತಿ ಮೂಗು ಮುಚ್ಚಿದ ಹಾಗೆ. ಸಾಲದ್ದಕ್ಕೆ ದಪ್ಪ ಗೊಂಚಲು, ಕಿಟಕಿಯೂ ಹಾಕಿರುತ್ತೀರಿ. ಒಳಗೆ ಕೊಳೆಯದೆ ಇನ್ನೇನು?

ಸ್ಪ್ರೇ ಬಾಟಲಿ ಬದಿಗಿಡಿ. ಮೇಲಿನ ಎಳೆ ಮಾತ್ರ ಒದ್ದೆಯಾಗುತ್ತದೆ, ನಮಗೆ ಸೇವೆ ಮಾಡಿದ ಸಮಾಧಾನ. ಬೆಳಗ್ಗೆ ಬಕೆಟಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿ, ತೆಗೆದು ಚೆನ್ನಾಗಿ ಕೊಡವಿ, ಬಟ್ಟೆ ಹಗ್ಗಕ್ಕೆ ಹಾಕಿ. ನೀರಿನಿಂದ ತೆಗೆದ ಮೇಲೆ ನಾಲ್ಕು ತಾಸಿನೊಳಗೆ ಒಣಗಬೇಕು. ಒಣಗದಿದ್ದರೆ ಫ್ಯಾನಿನ ಕೆಳಗೆ. ಬೆಂಗಳೂರಿನ ಗಾಳಿ ನಮ್ಮಲ್ಲಿಗಿಂತ ಒಣ, ಹಾಗಾಗಿ ವಾರಕ್ಕೆ ಎರಡು ಸಲ, ಮಾರ್ಚ್ ಏಪ್ರಿಲ್‌ನಲ್ಲಿ ಮೂರು ಸಲ ಬೇಕಾದೀತು. ನಮ್ಮಲ್ಲಿ ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಳೆಗೆ ಟವೆಲೇ ಮೂರು ದಿನ ಒಣಗುವುದಿಲ್ಲ. ಆಗ ಎರಡು ವಾರ ನೀರೇ ತೋರಿಸುವುದಿಲ್ಲ ನಾನು.

ನೀರು ಎಂಥದ್ದು ಅನ್ನುವುದೂ ಮುಖ್ಯ. ನಮ್ಮ ಮನೆಗೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬರುತ್ತದೆ, ಮೆದು ನೀರು, ಆ ಚಿಂತೆ ಇಲ್ಲ. ಬೋರ್‌ವೆಲ್‌ನ ಗಡಸು ನೀರಾದರೆ ಎಳೆಯ ಮೇಲೆ ಬಿಳಿ ಪದರ ಕೂರುತ್ತದೆ. ನಿಮ್ಮ ಫ್ಲ್ಯಾಟಿನಲ್ಲಿ ಉಪ್ಪು ಹಾಕಿ ನಡೆಸುವ ಸಾಫ್ಟನರ್ ಇದ್ದರೆ ಆ ನೀರಂತೂ ಬೇಡವೇ ಬೇಡ. ಮಳೆನೀರು ಹಿಡಿದಿಟ್ಟುಕೊಳ್ಳಿ.

ಎರಡನೇ ಸಲ ಕೊಂದ ಕಥೆ ಹೇಳಲೇಬೇಕು, ನಾಚಿಕೆಯಾದರೂ. ಜುಲೈಯಲ್ಲಿ ಗೊಂಚಲಿನ ಮಧ್ಯೆ ಕೊಳೆತ ವಾಸನೆ ಶುರುವಾಗಿತ್ತು. ಅದೇ ದಿನ ಮಳೆ ಸ್ವಲ್ಪ ಬಿಟ್ಟಿತ್ತು ಅಂತ ತೋಟದಲ್ಲಿ ಮದ್ದು ಬಿಡುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಡ್ರಮ್ಮಿನ ಅಡಿಯಲ್ಲಿ ತಿಳಿ ನೀಲಿ ಮದ್ದು ಸ್ವಲ್ಪ ಉಳಿದಿತ್ತು. ಕೊಳೆಗೆ ಕೊಳೆಯ ಮದ್ದು, ಸರಿಯಾಯ್ತಲ್ಲ ಅಂತ ಇಡೀ ಗೊಂಚಲನ್ನು ಅದ್ದಿ ಜಗಲಿಯ ಪಕ್ಕಾಸಿಗೆ ನೇತು ಹಾಕಿದೆ. ಬುದ್ಧಿವಂತ ಅನ್ನಿಸಿತ್ತು ಆಗ. ಹತ್ತು ದಿನ ಕಳೆಯುವಾಗ ಹಿಡಿದ ಎಳೆ ಕೈಯಲ್ಲೇ ಪುಡಿ. ಮೈಲುತುತ್ತು ಅಂದರೆ ತಾಮ್ರ, ಈ ಕುಟುಂಬದ ಗಿಡಗಳಿಗೆ ತಾಮ್ರ ವಿಷ. ಅಡಿಕೆಗೆ ಅಮೃತವಾದದ್ದು ಇದಕ್ಕೆ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಬೋರ್ಡೋ ಇರಲಿಕ್ಕಿಲ್ಲ, ಆದರೆ ಕರೆಂಟಿನ ವಯರ್ ಸುಲಿದು ಅದರ ತಂತಿಯಿಂದ ಗೊಂಚಲು ಕಟ್ಟುವವರನ್ನು ನೋಡಿದ್ದೇನೆ. ಬೇಡ. ನೈಲಾನ್ ದಾರ ಸಾಕು. ತಾಮ್ರದ ಹಂಡೆಯಲ್ಲೂ ಅದ್ದಬೇಡಿ. ಗೊಬ್ಬರ ಹಾಕಲೇಬೇಕು ಅಂತಿದ್ದರೆ ಆರ್ಕಿಡ್‌ನದ್ದನ್ನು ಕಾಲು ಭಾಗಕ್ಕೆ ತೆಳು ಮಾಡಿ ತಿಂಗಳಿಗೊಮ್ಮೆ, ಲೇಬಲ್ಲಿನಲ್ಲಿ ತಾಮ್ರ ಇದೆಯಾ ನೋಡಿ. ನಾನು ಹಾಕುವುದು ವರ್ಷಕ್ಕೆ ಮೂರು ಸಲ, ಅದೂ ನೆನಪಾದರೆ.

ಜಾಗ ಬದಲಿಸಿ. ಸೋಫಾದ ಮೇಲೆ ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಬೆಳಕಿಲ್ಲ. ಪೂರ್ವದ ಕಿಟಕಿಯಿಂದ ಎರಡು ಮೂರು ಅಡಿಯೊಳಗೆ ಇರಲಿ, ಬೆಳಗಿನ ಎಳೆ ಬಿಸಿಲು ಬಿದ್ದರೆ ಒಳ್ಳೆಯದು. ಮಧ್ಯಾಹ್ನದ ನೇರ ಬಿಸಿಲು ಸುಡುತ್ತದೆ. ಎಸಿ ಗಾಳಿ ಬೀಸುವಲ್ಲಿ ಬೇಡ.

ಈಗಿರುವ ಗೊಂಚಲನ್ನು ಈ ಭಾನುವಾರ ಬಿಚ್ಚಿ. ಪೇಪರ್ ಹಾಸಿ, ಎಳೆ ಎಳೆಯಾಗಿ ಬಿಡಿಸಿ. ಕಪ್ಪಾದ ಎಳೆಯನ್ನು ಉಗುರಿನಿಂದ ಕೆರೆದರೆ ಒಳಗೆ ಕುದುರೆ ಕೂದಲಿನಂಥ ಗಟ್ಟಿ ನಾರು ಸಿಗುತ್ತದೆ. ಅದು ಸತ್ತದ್ದು. (ಅಮೆರಿಕದಲ್ಲಿ ಹಿಂದೆ ಇದೇ ನಾರನ್ನು ಹಾಸಿಗೆಗೆ, ಕಾರಿನ ಸೀಟಿಗೆ ತುಂಬುತ್ತಿದ್ದರು.) ಉಳಿದದ್ದನ್ನು ಒಮ್ಮೆ ನೀರಿಗೆ ಅದ್ದಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ಹಸಿರಾದರೆ ಜೀವ ಉಂಟು. ಒಂದು ಎಳೆಯೂ ಹಸಿರಾಗದಿದ್ದರೆ ನಿಮಗೆ ಕೊಟ್ಟದ್ದು ಅಲಂಕಾರಕ್ಕೆ ಅಂತ ಒಣಗಿಸಿದ ಮಾಲೇ ಇರಬಹುದು, ಅದಕ್ಕೆ ನೀರು ಹಾಕಿ ಪ್ರಯೋಜನ ಇಲ್ಲ.

ಜೀವ ಇರುವುದನ್ನು ಮತ್ತೆ ಉಂಡೆ ಮಾಡಬೇಡಿ. ಉದ್ದದ ಕೋಲಿಗೆ ಪರದೆಯ ಹಾಗೆ ತೆಳ್ಳಗೆ ಹರಡಿ ಹಾಕಿ. ಒಂದು ಗೇಣು ಉಳಿದರೂ ಸಾಕು, ಅಲ್ಲಿಂದಲೇ ಬೆಳೆಯುತ್ತದೆ, ನಿಧಾನಕ್ಕೆ. ನನ್ನದು ಹೂ ಬಿಟ್ಟದ್ದು ಒಂದೇ ಸಲ. ಹಸಿರು ಮಿಶ್ರಿತ ಹಳದಿ, ತೀರಾ ಸಣ್ಣದು. ಕಣ್ಣಿಗೆ ಬಿದ್ದದ್ದಲ್ಲ, ರಾತ್ರಿ ಊಟ ಮುಗಿಸಿ ಜಗಲಿಗೆ ಬಂದಾಗ ಪರಿಮಳ ಬಂತು, ಟಾರ್ಚ್ ಹಾಕಿ ಹುಡುಕಿದೆ.