ಕಿವಿಗೆ ಬೀಳದ ಒಂದು ಸ್ವರ: ಸ್ಪ್ಯಾನಿಷ್ ಸಬ್ಜಂಕ್ಟಿವ್ ಬಗ್ಗೆ ಓದುಗರ ಪ್ರಶ್ನೆಗಳು

ವಿದೇಶಿ ಭಾಷೆ ಕಲಿಯುವವರು ಪ್ರಶ್ನೆ ಕಳಿಸಿ ಎಂದಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಂದ ಪತ್ರಗಳಲ್ಲಿ ಸ್ಪ್ಯಾನಿಷ್ ಕಲಿಯುವವರ ತಕರಾರೆಲ್ಲ ಒಂದೇ ಕಡೆ ಬಂದು ನಿಂತಿದೆ: ಸಬ್ಜಂಕ್ಟಿವ್. ‘ಅವನು ಬರುತ್ತಾನೆ’ ಎಂದು ಸಾರಿ ಹೇಳುವಾಗ ಆ ಭಾಷೆಯಲ್ಲಿ ‘ಬಿಯೆನೆ’. ‘ಬರಲಿ ಅಂತ ಆಸೆ’, ‘ಬರುತ್ತಾನೆ ಅಂತ ಅನ್ನಿಸಲ್ಲ’ ಎನ್ನುವಾಗ ಅದೇ ಕ್ರಿಯಾಪದ ‘ಬೆಂಗಾ’ ಆಗುತ್ತದೆ. ಈ ಎರಡನೆಯ ರೂಪವೇ ಸಬ್ಜಂಕ್ಟಿವ್. ಇಲ್ಲಿ ಸ್ಪ್ಯಾನಿಷ್ ಮಾತುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇವೆ.

ಪ್ರಶ್ನೆ: ಬಿಟ್ಟ ಸ್ಥಳ ತುಂಬಿ ಅಂದರೆ ಒಂದೂ ತಪ್ಪಲ್ಲ. ಆಡಿಯೊ ಕೇಳುವಾಗ ಮಾತ್ರ ‘ಬಿಯೆನೆ’ ಅಂದರೋ ‘ಬೆಂಗಾ’ ಅಂದರೋ ಗೊತ್ತೇ ಆಗಲ್ಲ. ಮಾತಾಡುವಾಗಂತೂ ಬಾಯಿಗೆ ಬರೋದು ‘ಬಿಯೆನೆ’ನೇ. ರೂಪಗಳ ಪಟ್ಟಿ ಪೂರ್ತಿ ಬಾಯಿಪಾಠ ಇದೆ. ಎಲ್ಲಿ ಎಡವುತ್ತಿದ್ದೇನೆ?
— ಬಿ.ಕಾಂ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಮೊದಲು ಒಂದು ಸಣ್ಣ ಪರೀಕ್ಷೆ. ‘ನಿನ್ನೆ ರಾತ್ರಿ ಬಂದ’, ‘ನಿನ್ನೆ ರಾತ್ರಿ ಬಂದೆ’. ಕೊನೆಯ ಸ್ವರ ಬಿಟ್ಟರೆ ಎರಡರಲ್ಲೂ ಎಲ್ಲ ಒಂದೇ. ಬಸ್ ನಿಲ್ದಾಣದ ಗಲಾಟೆಯಲ್ಲೂ ನೀವು ಇದನ್ನು ತಪ್ಪು ಕೇಳಿಸಿಕೊಳ್ಳುವುದಿಲ್ಲ. ಯಾಕೆಂದರೆ ಕನ್ನಡದಲ್ಲಿ ‘ಅವನು’, ‘ನಾನು’ಗಳನ್ನು ಸಲೀಸಾಗಿ ಬಿಟ್ಟುಬಿಡುತ್ತೇವೆ, ಬಂದವರು ಯಾರು ಎಂದು ತಿಳಿಯಲು ಉಳಿಯುವ ಸುಳಿವು ಆ ಸ್ವರ ಒಂದೇ. ಸ್ಪ್ಯಾನಿಷ್‌ನ ‘ಆಬ್ಲಾ’ (ಮಾತಾಡುತ್ತಾನೆ), ‘ಆಬ್ಲೆ’ (ಮಾತಾಡಲಿ) ನಡುವೆ ಇರುವ ವ್ಯತ್ಯಾಸವೂ ಹೆಚ್ಚುಕಡಿಮೆ ಇದೇ ಸ್ವರಗಳದ್ದು. ನಿಮ್ಮ ಕಿವಿ ಚೆನ್ನಾಗಿಯೇ ಇದೆ. ಆ ಸ್ವರವನ್ನು ಕಾಯುವ ಅಗತ್ಯ ಅದಕ್ಕೆ ಬಿದ್ದಿಲ್ಲ, ಅಷ್ಟೆ.

ಅಗತ್ಯ ಯಾಕಿಲ್ಲ? ‘ಕಿಯೆರೊ ಕೆ’ ಅಂದರೆ ‘ನನಗೆ ಬೇಕು, ಏನಂದರೆ’. ಇಷ್ಟು ಕಿವಿಗೆ ಬಿದ್ದೊಡನೆ ಮುಂದೆ ಬರುವುದು ಆಸೆಯ ಮಾತು ಎಂದು ಮನಸ್ಸಿಗೆ ಗೊತ್ತಾಯಿತು. ಆಮೇಲೆ ಬರುವ ಕ್ರಿಯಾಪದದ ಕೊನೆಯ ಸ್ವರ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತದೆ. ಹೊಸ ಭಾಷೆ ಕೇಳುವಾಗ ಮನಸ್ಸು ಅರ್ಥವನ್ನು ಮೊದಲು ಇಡೀ ಪದಗಳಿಂದ ಹೆಕ್ಕಿಕೊಳ್ಳುತ್ತದೆ, ಪ್ರತ್ಯಯಗಳನ್ನು ಆಮೇಲೆ ನೋಡುತ್ತದೆ, ಸಮಯವಿಲ್ಲದಿದ್ದರೆ ನೋಡುವುದೇ ಇಲ್ಲ. ಅಮೆರಿಕದ ಭಾಷಾ ಸಂಶೋಧಕ ಬಿಲ್ ವ್ಯಾನ್‌ಪ್ಯಾಟನ್ ತಮ್ಮ ಬೋಧನಾ ವಿಧಾನವನ್ನು ಕಟ್ಟಿದ್ದು ಈ ಗಮನಿಕೆಯ ಮೇಲೇ. ಅವರು ಇನ್ನೊಂದನ್ನೂ ಸೇರಿಸುತ್ತಾರೆ: ವಾಕ್ಯದ ಶುರುವಿನಲ್ಲಿರುವುದು ಸುಲಭವಾಗಿ ಗಮನಕ್ಕೆ ಬರುತ್ತದೆ, ಕೊನೆಯದು ಅದಕ್ಕಿಂತ ಕಡಿಮೆ, ನಡುವಿನದು ಎಲ್ಲಕ್ಕಿಂತ ಕಷ್ಟ. ಸಬ್ಜಂಕ್ಟಿವ್ ಸಾಮಾನ್ಯವಾಗಿ ಕೂತಿರುವುದು ನಟ್ಟನಡುವೆ, ಅದೂ ಒತ್ತಿಲ್ಲದ ಸ್ವರವಾಗಿ.

ಕಾಗದದ ಮೇಲೆ ಸರಿ ಬರೆದು ಮಾತಿನಲ್ಲಿ ತಪ್ಪುವುದು ನಿಮ್ಮೊಬ್ಬರ ಕಥೆಯಲ್ಲ. ಇದನ್ನು ಅಳೆಯಲು ಸಂಶೋಧಕರು ವಾಕ್ಯವನ್ನು ಕಂಪ್ಯೂಟರ್ ಪರದೆಯಲ್ಲಿ ಒಂದೊಂದೇ ಪದವಾಗಿ ತೋರಿಸುತ್ತಾರೆ. ಓದುಗ ಗುಂಡಿ ಒತ್ತಿದರೆ ಮುಂದಿನ ಪದ ಬರುತ್ತದೆ. ಪ್ರತಿ ಪದಕ್ಕೆ ತೆಗೆದುಕೊಂಡ ಸಮಯ ಮಿಲಿಸೆಕೆಂಡಿನಲ್ಲಿ ದಾಖಲಾಗುತ್ತದೆ. ‘ಕಿಯೆರೊ ಕೆ ಮಿ ಎರ್ಮಾನೊ…’ (ನನ್ನ ಅಣ್ಣ…) ಆದಮೇಲೆ ‘ಬೆಂಗಾ’ ಬದಲು ‘ಬಿಯೆನೆ’ ಇಟ್ಟರೆ, ಸ್ಪ್ಯಾನಿಷ್ ಮನೆಮಾತಿನವರು ಅಲ್ಲೋ ಅದರ ಮುಂದಿನ ಪದದಲ್ಲೋ ತಡೆಯುತ್ತಾರೆ. ಕಲಿಕೆಯ ಮೊದಲ ಹಂತದವರು ಎರಡನ್ನೂ ಒಂದೇ ವೇಗದಲ್ಲಿ ಓದಿಕೊಂಡು ಹೋಗುತ್ತಾರೆ. ಅದೇ ವಾಕ್ಯ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಅವರೇ ತಿದ್ದಿಯಾರು. ನಿಯಮ ಗೊತ್ತಿರುವುದು ಬೇರೆ, ಓದಿನ ಓಟದಲ್ಲಿ ಅದು ಕೆಲಸ ಮಾಡುವುದು ಬೇರೆ.

ಹಾಗಾಗಿ ಪಟ್ಟಿಯನ್ನು ಇನ್ನೊಂದು ಸಲ ಉರುಹೊಡೆಯುವುದರಿಂದ ಏನೂ ಗಿಟ್ಟುವುದಿಲ್ಲ. ಮುಂಚೆಯೇ ಸಿಗುವ ಸುಳಿವನ್ನು ಕಿತ್ತುಹಾಕಬೇಕು. ಹೀಗೆ ಮಾಡಿ. ‘ಕ್ರೆಯೊ ಕೆ’ (ಅಂತ ನನ್ನ ಅನಿಸಿಕೆ) ಮತ್ತು ‘ನೊ ಕ್ರೆಯೊ ಕೆ’ (ಅಂತ ನನಗನ್ನಿಸಲ್ಲ) ಎಂದು ಎರಡು ಚೀಟಿ ಬರೆದಿಟ್ಟುಕೊಳ್ಳಿ. ಮೊದಲನೆಯದಕ್ಕೆ ಸಾಧಾರಣ ರೂಪ, ಎರಡನೆಯದಕ್ಕೆ ಸಬ್ಜಂಕ್ಟಿವ್. ಇಪ್ಪತ್ತು ವಾಕ್ಯಗಳ ಬಾಲವನ್ನಷ್ಟೇ ತಯಾರಿಸಿ: ‘ತಿಯೆನೆ ದಿನೇರೊ’, ‘ತೆಂಗಾ ದಿನೇರೊ’ (ದುಡ್ಡಿದೆ), ‘ಬಿಯೆನೆ ಮಾನ್ಯಾನಾ’, ‘ಬೆಂಗಾ ಮಾನ್ಯಾನಾ’ (ನಾಳೆ ಬರುವುದು), ಹೀಗೆ ಹತ್ತು ಹತ್ತು. ಕಲೆಸಿ, ಫೋನಿನ ಸ್ಪ್ಯಾನಿಷ್ ಧ್ವನಿಯಲ್ಲಿ ಓದಿಸಿ, ಪ್ರತಿಯೊಂದಕ್ಕೂ ಯಾವ ಚೀಟಿ ಹೊಂದುತ್ತದೆ ಎಂದು ಎತ್ತಿ ತೋರಿಸಿ. ಬಾಯಿ ತೆರೆಯಬೇಡಿ, ಬರೆಯಲೂಬೇಡಿ. ಈಗ ಅರ್ಥ ಬಿಡಿಸಲು ಕ್ರಿಯಾಪದವೊಂದೇ ಗತಿ; ‘ಬಂದ’, ‘ಬಂದೆ’ಯ ಹಾಗೆ ಕಿವಿ ತಾನಾಗಿ ಅತ್ತ ತಿರುಗುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು. ಇಪ್ಪತ್ತಕ್ಕೆ ಹದಿನೆಂಟು ಸರಿಯಾಗುವುದು ಸತತ ಎರಡು ದಿನ ಆದಮೇಲೆ ಪೂರ್ತಿ ವಾಕ್ಯಕ್ಕೆ ಬನ್ನಿ. ಮೊದಲು ‘ಕೆ’ ಪಕ್ಕದಲ್ಲೇ ಕ್ರಿಯಾಪದ ಇರಲಿ. ಆಮೇಲೆ ನಡುವೆ ‘ಮಿ ಎರ್ಮಾನೊ’, ‘ಮಿ ಎರ್ಮಾನೊ ಮಾಯೋರ್’ (ಮಾಯೋರ್ ಅಂದರೆ ಹಿರಿಯ) ಎಂದು ಪದ ಸೇರಿಸಿ ದೂರ ಹೆಚ್ಚಿಸಿ. ಮಾತಾಡುವ ಅಭ್ಯಾಸ ಕೊನೆಗೆ.

ಯಾವ ಕ್ರಿಯಾಪದದಿಂದ ಶುರುಮಾಡಬೇಕು ಎಂಬುದೂ ಮುಖ್ಯ. ಪಠ್ಯಪುಸ್ತಕಗಳು ನಿಯಮಿತ ರೂಪಗಳನ್ನು ಮೊದಲು ಕೊಡುತ್ತವೆ. ನಮ್ಮ ಸಲಹೆ ತಿರುಗುಮುರುಗು: ತೆಂಗಾ, ಬೆಂಗಾ, ಸಾಲ್ಗಾ, ಆಗಾ, ಬಾಯಾ, ಸೇಆ. ಇವುಗಳಲ್ಲಿ ಪದದ ಒಡಲೇ ಬದಲಾಗಿರುವುದರಿಂದ ಕಿವಿ ತಪ್ಪಿಸಿಕೊಳ್ಳಲಾಗದು. (‘ತೆಂಗಾ’ ತುಮಕೂರಿನವರಿಗೆ ಮರೆತುಹೋಗುವ ಭಯವೂ ಇಲ್ಲ.) ನಿಯಮಿತ ರೂಪಗಳಲ್ಲಿ ಒಂದು ಮೋಸವಿದೆ. ಆಬ್ಲಾರ್ ಬಳಗದಲ್ಲಿ ‘ಎ’ ಬಂದರೆ ಸಬ್ಜಂಕ್ಟಿವ್, ಕೊಮೆರ್ (ತಿನ್ನು) ಬಳಗದಲ್ಲಿ ಅದೇ ‘ಎ’ ಬಂದರೆ ಸಾಧಾರಣ ರೂಪ. ಅಲ್ಲಿ ಸಬ್ಜಂಕ್ಟಿವ್ ‘ಕೋಮಾ’. ಅಂದರೆ ಸ್ವರ ಕೇಳಿಸಿದರೂ, ಕ್ರಿಯಾಪದ ಯಾವ ಬಳಗದ್ದು ಎಂದು ತಕ್ಷಣ ಹೊಳೆಯದಿದ್ದರೆ ಉಪಯೋಗವಿಲ್ಲ. ಚೆನ್ನಾಗಿ ಪಳಗಿದ ಕ್ರಿಯಾಪದಗಳನ್ನು ಮಾತ್ರ ಈ ಅಭ್ಯಾಸಕ್ಕೆ ಬಳಸಿ.

ಒಂದು ಅಡ್ಡಪರಿಣಾಮಕ್ಕೆ ಸಿದ್ಧರಿರಿ. ಎರಡು ಮೂರು ವಾರದಲ್ಲಿ ‘ಕೆ’ ಕಂಡಲ್ಲೆಲ್ಲ ಸಬ್ಜಂಕ್ಟಿವ್ ಹಾಕಲು ಶುರುಮಾಡಿಬಿಡಬಹುದು: ‘ಸೆ ಕೆ ಬೆಂಗಾ’ (ಬರುತ್ತಾನೆಂದು ಗೊತ್ತು). ಇದು ತಪ್ಪು, ಗೊತ್ತಿರುವುದಕ್ಕೆ ‘ಬಿಯೆನೆ’ಯೇ. ಚೀಟಿ ಆಟಕ್ಕೆ ಎರಡೂ ರೂಪ ಸಮಸಮ ಇರಲಿ ಎಂದದ್ದು ಇದಕ್ಕಾಗಿ.

ಪ್ರಶ್ನೆ: ನಮ್ಮದು ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಶಾಲೆಯಲ್ಲಿ ಹಿಂದಿ ಓದಿದ್ದು. ಇಷ್ಟು ಭಾಷೆ ತಲೆಯಲ್ಲಿದ್ದರೆ ಸಬ್ಜಂಕ್ಟಿವ್‌ಗೆ ಅನುಕೂಲವೋ ಗೊಂದಲವೋ?
— ಓದುಗರು, ಶ್ರೀನಿವಾಸಪುರ

ಉತ್ತರ: ಅನುಕೂಲ, ಆದರೆ ನೀವು ಅಂದುಕೊಂಡ ಭಾಷೆಯಿಂದಲ್ಲ. ಹತ್ತಿರದ ನೆಂಟ ಹಿಂದಿ. ‘ಮೈಂ ಚಾಹ್ತಾ ಹೂಂ ಕಿ ವಹ್ ಆಯೇ’, ‘ಕಿಯೆರೊ ಕೆ ಬೆಂಗಾ’. ಮೊದಲು ಆಸೆ, ಆಮೇಲೆ ‘ಕಿ’ ಅಥವಾ ‘ಕೆ’, ಆಮೇಲೆ ಬದಲಾದ ಕ್ರಿಯಾಪದ, ಅಚ್ಚು ಒಂದೇ. ‘ಆತಾ ಹೈ’ ಮತ್ತು ‘ಆಯೇ’ ನಡುವಿನ ಅಂತರ ನಿಮಗೆ ಒಗ್ಗಿದ್ದರೆ ಅರ್ಧ ದಾರಿ ಕ್ರಮಿಸಿದ ಹಾಗೆ. ಮನೆಯಲ್ಲಿ ಉರ್ದು ಅಥವಾ ದಖನಿ ಆಡುವ ಕೋಲಾರ, ಚಿಂತಾಮಣಿಯ ಕಲಿಯುವವರಿಗೆ ಇದು ಇನ್ನೂ ಹತ್ತಿರ. ಹಾರೈಸುವಾಗ ಸ್ಪ್ಯಾನಿಷ್‌ನವರು ಹೇಳುವ ‘ಓಹಲಾ’ ಎಂಬ ಪದ ಅರಬ್ಬಿಯಿಂದ ಬಂದದ್ದು, ಅದರೊಳಗೆ ಅಲ್ಲಾನ ಹೆಸರಿದೆ. ಅದರ ಮುಂದೆ ಬರುವುದು ಸಬ್ಜಂಕ್ಟಿವ್ ಮಾತ್ರ.

ಕನ್ನಡ, ತೆಲುಗುಗಳಲ್ಲಿ ಇದೇ ಕೆಲಸ ಹಲವು ಕಡೆ ಹಂಚಿಹೋಗಿದೆ. ಹೈಸ್ಕೂಲು ವ್ಯಾಕರಣದ ವಿಧ್ಯರ್ಥಕ (‘ಬರಲಿ’) ಒಂದು ತುಂಡು, ಸಂಭಾವನಾರ್ಥಕ (‘ಮಳೆ ಬಂದೀತು’) ಇನ್ನೊಂದು ತುಂಡು. ‘ಕಿಸಾಸ್ ಯುಯೆಬಾ’ ಅಂದರೆ ಥೇಟ್ ‘ಮಳೆ ಬಂದೀತು’. ಈಗ ನಮ್ಮ ಕಡೆ ಮಾತಿನಲ್ಲಿ ‘ಬರಬಹುದು’ ಎನ್ನುವವರೇ ಹೆಚ್ಚು, ‘ಹುಷಾರು, ಬಿದ್ದೀಯ!’ ಎಂಬಲ್ಲಿ ಮಾತ್ರ ಹಳೆಯ ರೂಪ ಗಟ್ಟಿಯಾಗಿ ನಿಂತಿದೆ.

ಅಡ್ಡಿಯಾಗುವುದು ಪದಗಳ ಸರದಿ. ‘ಅವನು ಬರಬೇಕು ಅಂತ ನನಗಾಸೆ’, ‘ವಾಡು ರಾವಾಲನಿ ನಾಕು ಆಶ’. ಎರಡರಲ್ಲೂ ಆಸೆಯ ಮಾತು ಕೊನೆಗೆ. ಸ್ಪ್ಯಾನಿಷ್‌ನಲ್ಲಿ ಅದು ಮೊದಲು ಬಂದು ಮುಂದಿನ ರೂಪವನ್ನು ಗೊತ್ತುಮಾಡುತ್ತದೆ. ಕನ್ನಡದಲ್ಲಿ ಯೋಚಿಸಿ ತಿರುಗಿಸಿದರೆ ಕ್ರಿಯಾಪದ ಮೊದಲೇ ಸಾಧಾರಣ ರೂಪದಲ್ಲಿ ಸಿದ್ಧವಾಗಿ ಕೂತಿರುತ್ತದೆ. ಇನ್ನೊಂದು ತಪ್ಪು ನಮ್ಮಲ್ಲಿ ಸಹಜ: ‘ನಾನು ಬರಬೇಕು ಅಂತ ನನಗಾಸೆ’ ಎಂಬುದನ್ನು ‘ಕಿಯೆರೊ ಕೆ ಯೊ ಬೆಂಗಾ’ ಅನ್ನುವುದು. ಆಸೆಪಡುವವರೂ ಬರುವವರೂ ಒಬ್ಬರೇ ಆದರೆ ‘ಕೆ’ ಬೇಡ, ಸಬ್ಜಂಕ್ಟಿವ್ ಬೇಡ. ‘ಕಿಯೆರೊ ಬೆನೀರ್’ ಅಷ್ಟೆ.

ತಪ್ಪಾಯಿತೆಂದು ಕೊರಗಬೇಡಿ. ಲಾಸ್ ಏಂಜಲಿಸ್‌ನಲ್ಲಿ ನೆಲೆಸಿದ ಸ್ಪ್ಯಾನಿಷ್ ಮನೆಮಾತಿನ ಕುಟುಂಬಗಳ ಮಾತನ್ನು ಭಾಷಾ ಸಂಶೋಧಕಿ ಕಾರ್ಮೆನ್ ಸಿಲ್ವಾ-ಕೊರ್ವಲಾನ್ ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದರು. ಅಲ್ಲೇ ಹುಟ್ಟಿ ಇಂಗ್ಲಿಷಿನ ನಡುವೆ ಬೆಳೆದ ಪೀಳಿಗೆಗಳಲ್ಲಿ ಸಬ್ಜಂಕ್ಟಿವ್ ಬಳಕೆ ಇಳಿಯುತ್ತ ಹೋಗಿತ್ತು. ಮಾತು ನೀರು ಕುಡಿದಷ್ಟು ಸರಾಗವಾಗಿದ್ದರೂ ಹೀಗಾಗುತ್ತದೆ. ಸ್ಪ್ಯಾನಿಷ್ ಒಂದೇ ಆಡುವ ಮಕ್ಕಳೂ ಆಜ್ಞೆ, ಬೇಡಿಕೆಯ ರೂಪಗಳನ್ನು ಬಲು ಬೇಗ ಕಲಿತು, ಅನುಮಾನದ ವಾಕ್ಯಗಳಲ್ಲಿ ವರ್ಷಗಟ್ಟಲೆ ತಡವರಿಸುತ್ತಾರೆ. ನೀವೂ ಅದೇ ಸರದಿ ಹಿಡಿಯಿರಿ.

ಪ್ರಶ್ನೆ: ಪುಸ್ತಕದಲ್ಲಿ ‘ಬುಸ್ಕೊ ಉನಾ ಕಾಸಾ ಕೆ ತೆಂಗಾ ಪೋಸೊ’, ‘…ಕೆ ತಿಯೆನೆ ಪೋಸೊ’ ಎರಡೂ ಸರಿ ಅಂತಿದೆ. ಬಾವಿ ಇರುವ ಮನೆ ಹುಡುಕುತ್ತಿದ್ದೇನೆ ಅಂತಲೇ ಎರಡಕ್ಕೂ ಅರ್ಥ. ಯಾವುದನ್ನು ಯಾವಾಗ ಹೇಳಬೇಕು?
— ಪದವಿ ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಕನ್ನಡಕ್ಕೆ ಈ ವ್ಯತ್ಯಾಸ ಗೊತ್ತು, ಕ್ರಿಯಾಪದದಲ್ಲಿ ಹುಡುಕಿದ್ದಕ್ಕೆ ಸಿಗಲಿಲ್ಲ. ‘ಬಾವಿ ಇರೋ ಮನೆ ಹುಡುಕ್ತಿದ್ದೀನಿ’ ಅಂದರೆ ಯಾವುದಾದರೂ ಆದೀತು, ಬಾವಿ ಇದ್ದರಾಯಿತು (ನಿಮ್ಮ ಜಿಲ್ಲೆಯಲ್ಲಿ ಬಾವಿಯೊಳಗೆ ನೀರಿದೆಯೇ ಎಂದೂ ಕೇಳಬೇಕಾದೀತು). ‘ಬಾವಿ ಇರೋ ಮನೇನ ಹುಡುಕ್ತಿದ್ದೀನಿ’ ಅಂದರೆ ಯಾವುದೋ ಒಂದು ಗೊತ್ತಾದ ಮನೆ ಇದೆ, ವಿಳಾಸ ಸಿಕ್ಕಿಲ್ಲ. ಕನ್ನಡ ಈ ಭೇದವನ್ನು ‘ಅನ್ನು’ ಪ್ರತ್ಯಯದಲ್ಲಿ ತೋರಿಸಿದರೆ ಸ್ಪ್ಯಾನಿಷ್ ಕ್ರಿಯಾಪದದಲ್ಲಿ ತೋರಿಸುತ್ತದೆ. ‘ಅನ್ನು’ ಇಲ್ಲದ್ದಕ್ಕೆ ‘ತೆಂಗಾ’, ಇದ್ದದ್ದಕ್ಕೆ ‘ತಿಯೆನೆ’.

ಈ ಪರೀಕ್ಷೆ ವಸ್ತುಗಳಿಗೆ ಸರಿ, ಮನುಷ್ಯರಿಗೆ ಕೈಕೊಡುತ್ತದೆ; ‘ಡ್ರೈವರನ್ನ ಹುಡುಕ್ತಿದ್ದೀನಿ’ ಎಂದು ಇಬ್ಬಗೆಯಲ್ಲೂ ಹೇಳುತ್ತೇವೆ. ಆಗ ಹಿಂದಿಯನ್ನು ಕೇಳಿ: ‘ಜೋ ತೆಲುಗು ಜಾನ್ತಾ ಹೋ’ ಅನ್ನಬೇಕೆನಿಸಿದರೆ ‘ಬುಸ್ಕೊ ಉನ್ ಚೋಫರ್ ಕೆ ಸೇಪಾ ತೆಲುಗು’, ‘ಜಾನ್ತಾ ಹೈ’ ಅನಿಸಿದರೆ ‘ಬುಸ್ಕೊ ಆ ಉನ್ ಚೋಫರ್ ಕೆ ಸಾಬೆ ತೆಲುಗು’. ಗೊತ್ತಾದ ವ್ಯಕ್ತಿಯ ಮುಂದೆ ಆ ಪುಟ್ಟ ‘ಆ’ ಸೇರಿಕೊಂಡದ್ದನ್ನೂ ಗಮನಿಸಿ. ‘ಯಾರೂ ಇಲ್ಲ’ ಎನ್ನುವ ವಾಕ್ಯವಾದರೆ ಯೋಚನೆಯೇ ಬೇಡ, ಸಬ್ಜಂಕ್ಟಿವ್.

‘ಕ್ವಾಂದೊ’ (ಯಾವಾಗ) ಜೊತೆ ಮಾತ್ರ ಕನ್ನಡ ನೆರವಿಗೆ ಬರುವುದಿಲ್ಲ. ‘ತುಮಕೂರಿಗೆ ಬಂದಾಗ ಫೋನ್ ಮಾಡ್ತೀನಿ’ ಎಂಬುದು ರೂಢಿಯೂ ಹೌದು, ಮುಂದಿನ ವಾರದ ಮಾತೂ ಹೌದು. ‘ಯಾವಾಗಲೂ’ ಎಂದು ಸೇರಿಸಿ ನೋಡಿ. ಹೊಂದಿದರೆ ‘ಕ್ವಾಂದೊ ಯೇಗೊ’. ಹೊಂದದಿದ್ದರೆ ಇನ್ನೂ ಆಗದ್ದು, ‘ಕ್ವಾಂದೊ ಯೇಗೆ’.

ಪ್ರಶ್ನೆ: ಅನುಮಾನಕ್ಕೆ ಸಬ್ಜಂಕ್ಟಿವ್ ಸರಿ. ‘ಮೆ ಅಲೆಗ್ರಾ ಕೆ ಬೆಂಗಾಸ್’ (ನೀನು ಬರೋದು ಖುಷಿ) ಎಂಬಲ್ಲಿ ಬರುವುದು ಖಚಿತವಲ್ಲವೇ? ಅಲ್ಲಿ ಯಾಕೆ?
— ಶಿಕ್ಷಕಿ, ಮುಳಬಾಗಿಲು

ಉತ್ತರ: ‘ಅನುಮಾನ ಇದ್ದರೆ ಸಬ್ಜಂಕ್ಟಿವ್’ ಎಂದು ಕಲಿಸಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. 1974ರಲ್ಲಿ ಭಾಷಾ ಸಂಶೋಧಕರಾದ ಟೆರೆಲ್ ಮತ್ತು ಹೂಪರ್ ಕೊಟ್ಟ ವಿವರಣೆ ಹೆಚ್ಚು ಬಾಳಿಕೆಯದು: ಮಾತಾಡುವವರು ಆ ಸಂಗತಿಯನ್ನು ಹೊಸದಾಗಿ ಸಾರುತ್ತಿದ್ದಾರೆಯೇ ಎಂದು ನೋಡಿ. ಇಲ್ಲಿ ಸಾರುತ್ತಿರುವುದು ಖುಷಿಯನ್ನು. ಬರುವ ಸಂಗತಿ ಇಬ್ಬರಿಗೂ ಮೊದಲೇ ಗೊತ್ತು.

ಕನ್ನಡದಲ್ಲೊಂದು ಕೈಮರ ಇದೆ. ‘ಬರ್ತಾನೆ ಅಂತ’ ಎನ್ನುವ ಕಡೆ ಸಾಮಾನ್ಯವಾಗಿ ‘ಬಿಯೆನೆ’. ‘ಬರೋದು’ ಎನ್ನುವ ಕಡೆ ‘ಬೆಂಗಾ’. ಅವನು ಬರೋದು ಒಳ್ಳೇದು, ಅವನು ಬರೋದು ಡೌಟು, ಅವನು ಬರೋದು ಖುಷಿ: ಮೂರಕ್ಕೂ ‘ಬೆಂಗಾ’. ‘ಬರೋದು ಗೊತ್ತು’, ‘ಬರೋದು ಖಾತ್ರಿ’, ‘ಬರೋದು ನಿಜ’ ಇದಕ್ಕೆ ಹೊರತು; ಅಲ್ಲಿ ‘ಬಿಯೆನೆ’. ಇನ್ನು ‘ಬರ್ತಾನೆ ಅಂತ ಅನ್ನಿಸಲ್ಲ’ ಎಂದು ಅಲ್ಲಗಳೆದರೆ ‘ಅಂತ’ ಇದ್ದರೂ ‘ಬೆಂಗಾ’.

ಪ್ರಶ್ನೆ: ಸ್ಪ್ಯಾನಿಷ್ ಪ್ರಾವೀಣ್ಯದ ಪ್ರಮಾಣಪತ್ರ ಕೊಡುವ ಡೆಲೆ ಪರೀಕ್ಷೆಗೆ ಎಷ್ಟು ಸಬ್ಜಂಕ್ಟಿವ್ ಬೇಕು?
— ಓದುಗರು, ಶಿರಾ

ಉತ್ತರ: ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟೊ ಸರ್ವಾಂತೆಸ್‌ನ ಪಠ್ಯಕ್ರಮದಲ್ಲಿ ವರ್ತಮಾನದ ಸಬ್ಜಂಕ್ಟಿವ್ ಬರುವುದು ಬಿ1 (ಮಧ್ಯಮ) ಹಂತಕ್ಕೆ, ಭೂತಕಾಲದ್ದು ಅದರ ಮೇಲಿನ ಬಿ2ಗೆ. ಭೂತಕಾಲದಲ್ಲಿ ‘ಆಬ್ಲಾರಾ’, ‘ಆಬ್ಲಾಸೆ’ ಎಂದು ಎರಡು ರೂಪ ಕಂಡರೆ ಗಾಬರಿ ಬೇಡ, ಬಳಕೆಯಲ್ಲಿ ಹೆಚ್ಚಿರುವ ಮೊದಲನೆಯದನ್ನು ಬರೆಯಲು ಕಲಿಯಿರಿ, ಎರಡನೆಯದು ಓದುವಾಗ ಗುರುತು ಸಿಕ್ಕರೆ ಸಾಕು. ‘ಬೊಸೋತ್ರೊಸ್’ (ಸಲಿಗೆಯವರು ಹಲವರಿದ್ದಾಗ ‘ನೀವು’) ರೂಪ ಮುಖ್ಯವಾಗಿ ಸ್ಪೇನ್‌ನಲ್ಲಿ ಚಾಲ್ತಿ. ಲ್ಯಾಟಿನ್ ಅಮೆರಿಕದವರ ಜೊತೆ ಕೆಲಸವಿದ್ದರೆ ಅದನ್ನೂ ಗುರುತಿಸುವಷ್ಟಕ್ಕೆ ಇಟ್ಟುಕೊಳ್ಳಿ.