‘ಆರಾಮ ಅದೀನಿ ಅವ್ವಾ’

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಹುಡುಗನೊಬ್ಬನ ಮೊದಲ ಭೇಟಿ. ಮಾತು ಶುರುವಾಗಿ ಹತ್ತು ನಿಮಿಷ ಆಗಿತ್ತಷ್ಟೇ. ಅವನಿಗೆ ಫೋನ್ ಬಂತು. ಊರಿಂದ ಅಮ್ಮ. ‘ತಗೊಳ್ಲಾ ಮೇಡಂ?’ ಎಂದು ಕೇಳಿ ಎತ್ತಿದ. ಅಷ್ಟು ಹೊತ್ತು ನೆಲ ನೋಡಿಕೊಂಡು ಮೆಲ್ಲಗೆ ಮಾತಾಡುತ್ತಿದ್ದ ಹುಡುಗನ ದನಿ ಒಮ್ಮೆಲೇ ಗಟ್ಟಿಯಾಯಿತು. ‘ಹೂನವ್ವಾ, ಉಂಡೆ. ಆರಾಮ ಅದೀನಿ.’ ಫೋನ್ ಇಟ್ಟ. ಬೆಳಿಗ್ಗೆಯಿಂದ ಒಂದು ಚಹಾ ಬಿಟ್ಟರೆ ಏನೂ ತಿಂದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಇದನ್ನು ಬರೆಯಲು ಅವನ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 25, ಕೊಪ್ಪಳದ ಕಡೆಯವನು, ಬೆಂಗಳೂರಿಗೆ ಬಂದು ಎರಡು ವರ್ಷ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮಾರತಹಳ್ಳಿಯ ಒಂದು ಪಿಜಿಯಲ್ಲಿ ಮೂವರ ಕೋಣೆ. ನಿದ್ದೆ ಬರುವುದಿಲ್ಲ, ರಾತ್ರಿ ಮೂರರವರೆಗೂ ಮೊಬೈಲ್ ನೋಡುತ್ತೇನೆ, ಭಾನುವಾರ ಇಡೀ ಹಾಸಿಗೆಯಲ್ಲೇ ಇರುತ್ತೇನೆ ಎಂದು ಹೇಳಿಕೊಂಡು ಬಂದಿದ್ದ.

ನಾನು ಅವನನ್ನು ನೇರವಾಗಿ ಕೇಳಿದೆ: ‘ಸಾಯಬೇಕು ಅನ್ನಿಸಿದೆಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಎದೆ ಹಗುರಾದವರನ್ನೇ ನಾನು ಹೆಚ್ಚು ನೋಡಿದ್ದೇನೆ. ‘ಮಲಗಿದ್ದವನು ಏಳದೇ ಇದ್ರೆ ಸಾಕು ಅನ್ಸುತ್ತೆ, ಆದ್ರೆ ಏನೂ ಮಾಡ್ಕೊಳ್ಳಲ್ಲ’ ಎಂದ. ಅಂದೇ ಅವನ ಫೋನಿನಲ್ಲಿ 14416 ಸೇವ್ ಮಾಡಿಸಿದೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರ ಹತ್ತಿರವೂ ಕಳಿಸಿದೆ. ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಸಿ, ತಿಂಗಳಾದ ಮೇಲೆ ಮತ್ತೆ ನೋಡೋಣ ಎಂದರು.

ಎರಡನೇ ಭೇಟಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಗೆಳೆಯರು ಇಲ್ಲ ಎಂದಾಗ, ಯಾವುದಾದರೂ ಟ್ರೆಕ್ಕಿಂಗ್ ಗುಂಪು ಸೇರು ಎಂದೆ. ತಲೆಯಾಡಿಸಿ ಹೋದವನು ಮೂರು ವಾರ ಬರಲಿಲ್ಲ. ಟ್ರೆಕ್ಕಿಂಗಿಗೆ ಹೋಗಲು ಅವನ ಹತ್ತಿರ ದುಡ್ಡೇ ಇರಲಿಲ್ಲ. ಅದನ್ನು ನಾನು ಕೇಳಿಯೇ ಇರಲಿಲ್ಲ.

ಮತ್ತೆ ಬಂದಾಗ ಹಾಳೆ, ಪೆನ್ನು ಮುಂದಿಟ್ಟು ಲೆಕ್ಕ ಬರೆಸಿದೆ. ಕೈಗೆ ಬರುವ ಸಂಬಳ 34,000. ಊರಿಗೆ 12,000. ಪಿಜಿಗೆ 9,000. ಓದಿನ ಸಾಲದ ಕಂತು 6,500. ಉಳಿಯುವುದು 6,500. ಕ್ರೆಡಿಟ್ ಕಾರ್ಡಿನ ಬಾಕಿ 1,18,000! ಅಪ್ಪನ ಪಂಪ್‌ಸೆಟ್ ಮೋಟಾರು ಸುಟ್ಟಾಗ, ತಂಗಿಯ ಫೀಸು ಕಟ್ಟುವಾಗ, ದೀಪಾವಳಿಗೆ ಮನೆಯವರಿಗೆಲ್ಲ ಬಟ್ಟೆ ತೆಗೆದಾಗ ಕಾರ್ಡು ಉಜ್ಜಿದ್ದ. ಪ್ರತಿ ತಿಂಗಳು ‘ಮಿನಿಮಮ್ ಡ್ಯೂ’, ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, 5,900 ಕಟ್ಟುತ್ತಿದ್ದ. ಆಮೇಲೆ ಕೈಯಲ್ಲಿ ಉಳಿಯುತ್ತಿದ್ದುದೇ 600. ಹಾಗಾಗಿ ಮಧ್ಯಾಹ್ನದ ಊಟ, ಬಸ್ಸು, ಔಷಧಿ ಎಲ್ಲ ಮತ್ತೆ ಕಾರ್ಡಿನಿಂದಲೇ.

ಅವನ ಕಾರ್ಡಿನ ಬಡ್ಡಿ ತಿಂಗಳಿಗೆ 3.5%. ಅಂದರೆ 4,130 ರೂಪಾಯಿ ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ 743. ಕಟ್ಟಿದ 5,900ರಲ್ಲಿ ಅಸಲಿಗೆ ಹೋಗುತ್ತಿದ್ದದ್ದು ಸಾವಿರ ರೂಪಾಯಿ ಚಿಲ್ಲರೆ ಮಾತ್ರ. ಹಳೆ ಬಾಕಿ ಪೂರ್ತಿ ತೀರಿಸದೆ ಇದ್ದರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೂ ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಏರುತ್ತದೆ. ಇದು ಅವನಿಗೆ ಗೊತ್ತೇ ಇರಲಿಲ್ಲ. ಹಾಳೆ ನೋಡುತ್ತಾ ಅತ್ತುಬಿಟ್ಟ. ‘ನಾನು ದಡ್ಡ’ ಎಂದ. ದಡ್ಡತನ ಅಲ್ಲ ಇದು. ಅವನ ಮನೆಯಲ್ಲಿ ಕಾರ್ಡು ಹಿಡಿದ ಮೊದಲ ಮನುಷ್ಯ ಅವನೇ. ಹೇಳಿಕೊಡಲು ಯಾರಿದ್ದರು?

ನಾನು ಕೊಟ್ಟ ಮೊದಲ ಸಲಹೆ: ಕಾರ್ಡನ್ನು ಕಬ್ಬಿಣದ ಟ್ರಂಕಿಗೆ ಹಾಕು, ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ನಂಬರನ್ನೂ ತೆಗೆದುಹಾಕು. ಎರಡನೆಯದು: ಬ್ಯಾಂಕಿಗೆ ಹೋಗಿ ಇಡೀ ಬಾಕಿಯನ್ನು ಕಂತಿಗೆ ಬದಲಿಸಿಕೊಡಿ ಎಂದು ಕೇಳು. ವರ್ಷಕ್ಕೆ 16% ಬಡ್ಡಿಯಲ್ಲಿ 24 ಕಂತು ಸಿಕ್ಕಿತು. ಜಿಎಸ್‌ಟಿ ಸೇರಿ ತಿಂಗಳಿಗೆ ಸುಮಾರು 6,000. ಮೊದಲು ಕಟ್ಟುತ್ತಿದ್ದಷ್ಟೇ ಹೆಚ್ಚುಕಡಿಮೆ, ಅಲ್ವಾ? ಆದರೆ ಇದು ಎರಡು ವರ್ಷಕ್ಕೆ ಮುಗಿಯುತ್ತದೆ.

ಮೂರನೆಯದು ಕಷ್ಟದ್ದು. ಊರಿಗೆ ಕಳಿಸುವುದನ್ನು 6,000ಕ್ಕೆ ಇಳಿಸಬೇಕು, ಯಾಕೆ ಎಂದು ಮನೆಯಲ್ಲಿ ಹೇಳಬೇಕು. ‘ಅದೊಂದ್ ಬಿಟ್ಟು ಏನಾದ್ರೂ ಹೇಳ್ರಿ’ ಎಂದ. ಆ ದಿನ ಪೂರ್ತಿ ನಾವು ಮಾತಾಡಿದ್ದು ಇದೊಂದನ್ನೇ. ಊರಲ್ಲಿ ಅಪ್ಪ ಎಲ್ಲರಿಗೂ ‘ಮಗ ಬೆಂಗಳೂರಾಗ ಅದಾನ’ ಎಂದು ಹೇಳಿಕೊಳ್ಳುತ್ತಾರೆ. ಆ ಮಾತು ಸುಳ್ಳಾಗಬಾರದು ಎಂದೇ ಎರಡು ವರ್ಷದಿಂದ ‘ಆರಾಮ ಅದೀನಿ’ ಎನ್ನುತ್ತಿದ್ದ. ಅವನ ನಿಜವಾದ ಸ್ಥಿತಿ ಗೊತ್ತಿದ್ದವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಮೂವರಿರುವ ಕೋಣೆಯಲ್ಲಿ ಮಲಗಿಯೂ ಅಷ್ಟು ಒಂಟಿಯಾದದ್ದು ಇದರಿಂದಲೇ ಎಂದು ನನಗೆ ಅನ್ನಿಸಿತು. ಹಾಗೆಯೇ ಅವನಿಗೆ ಹೇಳಿದೆ.

ಫೋನಿನಲ್ಲಿ ಹೇಳಬೇಡ ಎಂದೆ. ಫೋನಿನಲ್ಲಿ ಅವನ ಬಾಯಿಗೆ ಬರುವುದು ಆ ಒಂದೇ ಮಾತು. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ. ಲೆಕ್ಕ ಬರೆದ ಅದೇ ಹಾಳೆ ಜೇಬಿನಲ್ಲಿತ್ತು. ಅಮ್ಮ ಅತ್ತರಂತೆ. ಅಪ್ಪ ಒಂದು ದಿನ ಮಾತೇ ಆಡಲಿಲ್ಲ. ಭಾನುವಾರ ಸಂಜೆ ಸ್ಟೇಷನ್ನಿಗೆ ಬಿಡಲು ಬಂದಾಗ ಹೇಳಿದ್ದು: ‘ರೊಕ್ಕ ಬ್ಯಾಡಾಗಿತ್ತು ಅಂತಲ್ಲ. ಸಾಲ ಮಾಡಿ ಕಳಸ್ತೀ ಅಂತ ಗೊತ್ತಿದ್ರ ಬ್ಯಾಡ ಅಂತಿದ್ದೆ.’ ಅಪ್ಪನಿಗೆ ನೋವಾಗಿದೆ, ಅದು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಅವನು ಆ ರಾತ್ರಿ ರೈಲಿನಲ್ಲಿ ಗುಂತಕಲ್ಲು ದಾಟಿದ್ದೂ ಗೊತ್ತಾಗದ ಹಾಗೆ ನಿದ್ದೆ ಮಾಡಿದ.

ಆಫೀಸಿನ ವಿಷಯ ಹೊರಬಂದದ್ದು ಇದಾದ ಮೇಲೆ. ಸೇರಿದ ಹೊಸದರಲ್ಲಿ ಊಟದ ಟೇಬಲ್ಲಿನಲ್ಲಿ ‘ಬರ್ರಿ, ಹೋಗೂಣು’ ಅಂದಿದ್ದಕ್ಕೆ ಇಬ್ಬರು ಅಣಕಿಸಿ ನಕ್ಕಿದ್ದರು. ಅವರೂ ಕನ್ನಡದವರೇ! ಆವತ್ತಿನಿಂದ ಕನ್ನಡ ಮಾತಾಡುವುದು ಬಿಟ್ಟ. ಇಂಗ್ಲಿಷು ಸರಾಗ ಬರದು. ಹಾಗಾಗಿ ಮೀಟಿಂಗುಗಳಲ್ಲಿ ಮೌನ. ವರ್ಷದ ಕೊನೆಗೆ ‘ಸಂವಹನ ಸಾಲದು’ ಎಂದು ಬರೆದರು. ಇದನ್ನು ಕೇಳಿ ನನಗೆ ಸಿಟ್ಟು ಬಂತು, ಈಗಲೂ ಇದೆ. ಮನೆಯ ಮಾತನ್ನು ನೋಡಿ ನಕ್ಕರೆ ಮನುಷ್ಯ ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತಾನೆ. ಸುಮ್ನೆ ತಮಾಷೆಗೆ ಅಂದೆವು ಎನ್ನುವವರು ಇದನ್ನು ಯೋಚಿಸಬೇಕು.

ಮೀಟಿಂಗಿಗೆ ಮುಂಚೆ ಮೂರು ಸಾಲು ಬರೆದುಕೊ, ಮೊದಲ ಐದು ನಿಮಿಷದಲ್ಲೇ ಒಂದನ್ನಾದರೂ ಹೇಳಿಬಿಡು ಎಂದೆ. ತಡವಾದಷ್ಟೂ ಭಯ ಜಾಸ್ತಿ. ಅಣಕಿಸಿದವರ ಹತ್ತಿರ ಒಬ್ಬೊಬ್ಬರಾಗಿ, ‘ಅದು ನನಗೆ ನೋವಾಗಿದೆ’ ಎಂದಷ್ಟೇ ಹೇಳು ಎಂದೆ. ಒಬ್ಬರು ಕ್ಷಮೆ ಕೇಳಿದರು. ಇನ್ನೊಬ್ಬರು ಬದಲಾಗಿಲ್ಲ. ಅವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾನೆ, ಅದೂ ಸರಿಯೇ.

ಗೆಳೆತನದ ದಾರಿಯನ್ನು ಅವನೇ ಹುಡುಕಿಕೊಂಡ. ತಿಂಗಳಿಗೆ ಎರಡು ಭಾನುವಾರ ಒಂದು ಖಾನಾವಳಿಗೆ ಹೋಗುತ್ತಾನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಲ್ಲಿ ಅವನ ಮಾತು ಯಾರಿಗೂ ವಿಚಿತ್ರ ಅಲ್ಲ. ಗದಗಿನ ಒಬ್ಬ ಹುಡುಗ ಪರಿಚಯವಾಗಿದ್ದಾನೆ. ಇಬ್ಬರೂ ಸೇರಿ ಇಬ್ಬರ ಕೋಣೆ ಹುಡುಕುತ್ತಿದ್ದಾರೆ.

ನಿದ್ದೆ ಇನ್ನೂ ಕೆಲವು ದಿನ ಕೈಕೊಡುತ್ತದೆ. 24 ಕಂತಿನಲ್ಲಿ ಏಳು ಕಟ್ಟಿದ್ದಾನೆ. ಈಗ ತಿಂಗಳಿಗೊಮ್ಮೆ ಬರುತ್ತಾನೆ. ಕಳೆದ ಸಲ ಬಂದಾಗಲೂ ಅಮ್ಮನ ಫೋನ್ ಬಂತು. ‘ಇವತ್ತ ಸ್ವಲ್ಪ ಬ್ಯಾಸರ ಆಗೇತವ್ವಾ’ ಎಂದ. ಆ ಕಡೆಯಿಂದ ಅಮ್ಮ ತುಂಬಾ ಹೊತ್ತು ಮಾತಾಡಿದರು. ಅವನು ಕೇಳುತ್ತಾ ಕೂತಿದ್ದ. ಆ ದಿನದ ಅರ್ಧ ಗಂಟೆ ಅದಕ್ಕೇ ಹೋಯಿತು, ನಾನು ನಡುವೆ ಬಾಯಿ ಹಾಕಲಿಲ್ಲ.