ಅಂಗಳದಲ್ಲಿ ಹುಟ್ಟುಹಬ್ಬ: ಬೆಲೂನಿಗಿಂತ ಮೊದಲು ನೀರು, ನೆರಳು

ಪ್ರಶ್ನೆ: ಜನವರಿಯ ಎರಡನೇ ಶನಿವಾರ ಮಗಳಿಗೆ ಏಳು ತುಂಬುತ್ತದೆ. ಹಾಲ್ ಬೇಡ, ಮನೆಯಂಗಳದಲ್ಲೇ ಮಾಡೋಣ ಎಂದುಕೊಂಡಿದ್ದೇವೆ. ನಾಲ್ಕರಿಂದ ಒಂಬತ್ತು ವರ್ಷದ ಹದಿನೆಂಟು ಮಕ್ಕಳು ಬರುತ್ತಾರೆ. ಸುತ್ತ ಅಡಿಕೆ ತೋಟ, ಹಿಂದೆ ಸ್ವಲ್ಪ ರಬ್ಬರ್. ಮಕ್ಕಳು ಮನಸಾರೆ ಆಡಬೇಕು, ಯಾರಿಗೂ ಹೊಟ್ಟೆ ಕೆಡಬಾರದು. ತಯಾರಿ ಎಲ್ಲಿಂದ ಶುರು ಮಾಡಲಿ?
— ಬದಿಯಡ್ಕ ಸಮೀಪದ ಓದುಗರು

ಉತ್ತರ: ಅಡಿಕೆಯಿಂದಲೇ ಶುರು ಮಾಡಿ. ಜನವರಿಯೆಂದರೆ ಅಂಗಳದ ತುಂಬ ಅಡಿಕೆ ಹರಡಿರುವ ಕಾಲ. ಅರ್ಧ ಅಂಗಳ ಅಡಿಕೆಗೆ, ಅರ್ಧ ಮಕ್ಕಳಿಗೆ ಎಂಬ ಹಂಚಿಕೆ ನಡೆಯುವುದಿಲ್ಲ. ಓಡುವ ಮಗುವಿನ ಕಾಲಡಿಗೆ ಒಂದೇ ಒಂದು ಗೋಟು ಅಡಿಕೆ ಸಿಕ್ಕಿದರೂ ಜಾರಿ ಬೀಳುತ್ತದೆ. ಹಿಂದಿನ ದಿನವೇ ರಾಶಿ ಮಾಡಿ ಬದಿಗೆ ಸರಿಸಿ, ಎರಡು ಸಲ ಗುಡಿಸಿ.

ಹೊತ್ತು ಮೂರೂವರೆಯಿಂದ ಆರು. ಸೂರ್ಯ ಮುಳುಗುವುದು ಆರೂಕಾಲರ ಸುಮಾರಿಗೆ, ಹಾಗಾಗಿ ಬೆಳಕಿರುವಾಗಲೇ ಮಕ್ಕಳು ಮನೆ ಸೇರಬಹುದು. ಆದರೆ ಡೆಂಗಿ ಹರಡುವ ಸೊಳ್ಳೆ ಕಚ್ಚುವುದೂ ಹಗಲಲ್ಲೇ. ಸಂಜೆಗೆ ಮುಂಚಿನ ಹೊತ್ತು ಅದಕ್ಕೆ ಬಹಳ ಇಷ್ಟ. ಅದು ಬೆಳೆಯುವುದು ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಟ್ಯಾಪಿಂಗ್ (ಹಾಲು ತೆಗೆಯುವುದು) ನಿಲ್ಲಿಸಿದ ರಬ್ಬರ್ ಮರದ ಕಪ್‌ಗಳಲ್ಲಿ ನಿಂತ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಅದೇ ದಿನ ಬೆಳಿಗ್ಗೆ ನೀರು ಚೆಲ್ಲಿ ಪ್ರಯೋಜನವಿಲ್ಲ, ಅಷ್ಟರಲ್ಲಿ ಸೊಳ್ಳೆ ಹಾರಿಹೋಗಿರುತ್ತದೆ. ವಾರ ಮುಂಚೆ ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ತೋಟ ಸುತ್ತಿ ಎಲ್ಲವನ್ನೂ ಕವುಚಿ ಹಾಕಿ.

ಸುತ್ತುವಾಗಲೇ ಇನ್ನು ನಾಲ್ಕು ವಿಷಯ ನೋಡಿಕೊಳ್ಳಿ. ರಬ್ಬರ್ ಶೀಟಿಗೆ ಬಳಸುವ ಫಾರ್ಮಿಕ್ ಆಸಿಡ್ ನೋಡಲು ನೀರೇ. ಅದು ಹಳೆಯ ಕುಡಿಯುವ ನೀರಿನ ಬಾಟಲಿಯಲ್ಲಿದ್ದರಂತೂ ಕೇಳುವುದೇ ಬೇಡ. ಬೀಗ ಹಾಕಿದ ಕೋಣೆಗೆ ಸೇರಿಸಿ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಮಕ್ಕಳ ನೀರಾಟಕ್ಕೆ ಬಳಸಬೇಡಿ. ತೆಂಗಿನ ಮರದಡಿ ಮೇಜು, ಚಾಪೆ ಹಾಕಬೇಡಿ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಬಂದು ಬೀಳುವ ಟ್ಯಾಂಕಿ, ಕಟ್ಟೆಯಿಲ್ಲದ ಬಾವಿ, ಕೆರೆ. ಮೊಣಕಾಲಷ್ಟು ನೀರಿನಲ್ಲೂ ಸಣ್ಣ ಮಗು ಸದ್ದಿಲ್ಲದೆ ಮುಳುಗುತ್ತದೆ. ದಾರಿಗೆ ಅಡ್ಡ ಬೇಲಿ ಕಟ್ಟಿ, ದೊಡ್ಡವರೊಬ್ಬರನ್ನು ಇಪ್ಪತ್ತು ನಿಮಿಷದ ಪಾಳಿಯಂತೆ ಕಾವಲಿಗೆ ನಿಲ್ಲಿಸಿ. ಅವರ ಕೈಯಲ್ಲಿ ಮೊಬೈಲ್ ಇರಬಾರದು. 'ಎಲ್ಲರೂ ನೋಡಿಕೊಳ್ಳುತ್ತಾರೆ' ಎಂದರೆ ಯಾರೂ ನೋಡುವುದಿಲ್ಲ.

ಈಗ ಕುಡಿಯುವ ನೀರು. ಓಡಾಡಿ ಆಡುವ ಮಗುವಿಗೆ ಎರಡೂವರೆ ಗಂಟೆಯಲ್ಲಿ ಮುಕ್ಕಾಲು ಲೀಟರ್ ಎಂದು ಹಿಡಿಯಿರಿ. ಹದಿನೆಂಟು ಮಕ್ಕಳಿಗೆ ಹದಿಮೂರು-ಹದಿನಾಲ್ಕು ಲೀಟರ್, ದೊಡ್ಡವರೂ ಸೇರಿ ಇಪ್ಪತ್ತು. ತಪ್ಪುವುದು ಲೆಕ್ಕದಲ್ಲಿ ಅಲ್ಲ, ಕುದಿಸಿದ ನೀರನ್ನು ತಣಿಸುವುದರಲ್ಲಿ. ಇಪ್ಪತ್ತು ಲೀಟರ್ ಕುದಿದ ನೀರು ಆರಲು ಒಂದು ರಾತ್ರಿ ಬೇಕು. ಮಧ್ಯಾಹ್ನ ಕುದಿಸಿದವರು ಮೂರು ಗಂಟೆಗೆ ಮುಟ್ಟಿ ನೋಡಿ, ಬಿಸಿಯಿದೆಯೆಂದು ಎರಡು ಚೆಂಬು ಬಾವಿ ನೀರು ಬೆರೆಸುತ್ತಾರೆ. ಅಲ್ಲಿಗೆ ಕುದಿಸಿದ್ದೆಲ್ಲ ವ್ಯರ್ಥ. ನಮ್ಮ ಕಡೆ ಮಂಜಪಿತ್ತವೆನ್ನುವ ಹೆಪಟೈಟಿಸ್ ಎ ಬರುವುದು ಇಂಥ ನೀರಿನಿಂದಲೇ. ಅದು ಕಾಣಿಸಿಕೊಳ್ಳಲು ಎರಡರಿಂದ ಏಳು ವಾರ ಹಿಡಿಯುವುದರಿಂದ ಹುಟ್ಟುಹಬ್ಬದ ಶರಬತ್ತಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಶುಕ್ರವಾರ ಸಂಜೆ ಗುಳ್ಳೆಯೆದ್ದು ಕುದಿಯುವಷ್ಟು ಕುದಿಸಿ, ಮುಚ್ಚಿಟ್ಟು, ಮರುದಿನ ನಲ್ಲಿಯಿರುವ ಸ್ಟೀಲ್ ಪಾತ್ರೆಗೆ ಸುರಿಯಿರಿ. ತೆರೆದ ಪಾತ್ರೆಗೆ ಹದಿನೆಂಟು ಕೈ ಲೋಟ ಅದ್ದುವುದು ತಪ್ಪುತ್ತದೆ. ಹೊರಗಿನ ಐಸ್ ಬೇಡವೇ ಬೇಡ. ಇಪ್ಪತ್ತು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ನೀವೇ ಕರೆದು ಕುಡಿಸಿ. ಆಟದ ಗುಂಗಿನಲ್ಲಿ ಮಕ್ಕಳು ತಾವಾಗಿ ಬರುವುದಿಲ್ಲ.

ಜೊತೆಗೆ ಪುನರ್ಪುಳಿ (ಕೋಕಂ) ಶರಬತ್ತು. ಇಪ್ಪತ್ತು ಸಣ್ಣ ಲೋಟಕ್ಕೆ, ಅಂದರೆ ಮೂರು ಲೀಟರಿಗೆ, ಎರಡು ಮುಷ್ಟಿ ಒಣ ಸಿಪ್ಪೆಯನ್ನು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಮೂರು ಗಂಟೆ ನೆನೆಸಿ, ಕಿವುಚಿ ಸೋಸಿ. 150 ಗ್ರಾಂ ಬೆಲ್ಲ, ಒಂದು ಚಿಟಿಕೆ ಉಪ್ಪು, ಉಳಿದ ನೀರು. ಲೋಟಕ್ಕೆ ಏಳೆಂಟು ಗ್ರಾಂ ಸಿಹಿ ಆಯಿತು. 250 ಮಿಲಿಯ ಕೋಲಾ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ಹುಳಿಯಾದ್ದರಿಂದ ಅಲ್ಯುಮಿನಿಯಂ, ಹಿತ್ತಾಳೆ ಪಾತ್ರೆ ಬೇಡ.

ಆಟದಲ್ಲಿ ಒಂದೇ ನಿಯಮ: 'ಔಟ್' ಇರಬಾರದು. ಮ್ಯೂಸಿಕಲ್ ಚೇರಿನಲ್ಲಿ ಮೊದಲು ಔಟಾಗುವುದು ನಾಲ್ಕು ವರ್ಷದ ಮಗು. ಅದು ಉಳಿದ ಹೊತ್ತೆಲ್ಲ ಮೂಲೆಯಲ್ಲಿ ಕೂತು ಅಳುತ್ತದೆ. ದಿನಕ್ಕೆ ಒಂದು ಗಂಟೆ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಐದು ದಾಟಿದ ಮಕ್ಕಳಿಗೆ ಹೇಳುವುದು. ಕೂತ ಮಗುವಿಗೆ ಅದು ಸಿಗುವುದಿಲ್ಲ. ಲಗೋರಿ ಒಳ್ಳೆಯದು. ಕಲ್ಲಿನ ಬದಲು ನಾಲ್ಕು ಬೆರಳಗಲದ ಮರದ ತುಂಡು, ಬಟ್ಟೆ ಸುತ್ತಿದ ಚೆಂಡು ಇರಲಿ. ಪ್ರತಿ ತಂಡದಲ್ಲೂ ದೊಡ್ಡವರು, ಚಿಕ್ಕವರು ಬೆರೆತಿರಲಿ. ಚೆಂಡು ತಗುಲಿದವರು ಹೊರಹೋಗುವ ಬದಲು ಎದುರು ತಂಡಕ್ಕೆ ಸೇರಲಿ.

ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಎಳೆಯುವ ಆಟವನ್ನಂತೂ ಬಿಡಬೇಡಿ. ಸೋಗೆಯ ದಂಟು ಸಮೇತ ಅಗಲದ ಆರು ಹಾಳೆ ಆರಿಸಿ. ಒಣಗಿದ್ದರೆ ಕೂತ ಕೂಡಲೇ ಉದ್ದಕ್ಕೆ ಸೀಳುತ್ತದೆ, ಸೀಳಿದ ಅಂಚು ತೊಡೆ ಕೊರೆಯುತ್ತದೆ. ಹಾಗಾಗಿ ಅರ್ಧ ಗಂಟೆ ನೀರಿನಲ್ಲಿ ಅದ್ದಿಟ್ಟು ಮೆದು ಮಾಡಿ, ಎರಡೂ ಬದಿಯ ಹರಿತದ ಅಂಚು ಕತ್ತರಿಸಿ ತೆಗೆಯಿರಿ. ಕೂತ ಮಗು ದಂಟಿನ ಕಡೆಗೆ ಮುಖ ಮಾಡಿ, ಕಾಲು ಮಡಚಿ, ಎರಡೂ ಕೈಯಲ್ಲಿ ದಂಟಿನ ಬುಡ ಹಿಡಿಯಬೇಕು. ಪೆಟ್ಟಾಗುವುದು ಹೆಚ್ಚಾಗಿ ಹೊರಡುವಾಗ. ಎಳೆಯುವವರು ಒಮ್ಮೆಲೇ ಜಗ್ಗಿದರೆ ಕೂತವರ ತಲೆ ಹಿಂದಕ್ಕೆ ನೆಲಕ್ಕೆ ಹೊಡೆಯುತ್ತದೆ. ಮೂರು ಹೆಜ್ಜೆ ನಡಿಗೆ, ಆಮೇಲೆ ಓಟ. ದೊಡ್ಡವರು ಎಳೆಯುವುದು ಬೇಡ. ಮಾವಂದಿರಿಗೆ ಉತ್ಸಾಹ ಜಾಸ್ತಿ. ಗುಡಿಸಿದ ಮಣ್ಣಂಗಳದಲ್ಲಿ ಹದಿನೈದು ಮೀಟರ್ ಸಾಕು. ಇಂಟರ್‌ಲಾಕ್ ಹಾಸಿದ ಅಂಗಳವಾದರೆ ಈ ಆಟ ಬೇಡ.

ಐದು ಗಂಟೆಗೆ, ಸೋಪಿನಲ್ಲಿ ಕೈ ತೊಳೆಸಿ, ತಿಂಡಿ. ತೆಳು ಅವಲಕ್ಕಿ ಅರ್ಧ ಕಿಲೋ, ಒಂದು ದೊಡ್ಡ ತೆಂಗಿನಕಾಯಿ, 200 ಗ್ರಾಂ ಬೆಲ್ಲ; ಜೊತೆಗೆ ಕದಳಿ ಬಾಳೆಹಣ್ಣು, ಕಲ್ಲಂಗಡಿ. ಕಾಯಿತುರಿ ಬೆರೆಸಿದ್ದು ಬೇಗ ಹಳಸುತ್ತದೆ, ಬಡಿಸುವ ಅರ್ಧ ಗಂಟೆ ಮುಂಚೆ ಕಲಸಿ. ಕ್ರೀಮ್ ಕೇಕ್ ತಂದರೆ ಕತ್ತರಿಸುವವರೆಗೆ ಫ್ರಿಜ್ಜಿನಲ್ಲಿರಲಿ. ಹೊರಗೆ ಎರಡು ಗಂಟೆ, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ಹಸಿ ಮೊಟ್ಟೆಯ ಮಯೋನೈಸನ್ನು ಕೇರಳದಲ್ಲಿ 2023ರ ಜನವರಿಯಲ್ಲೇ ನಿಷೇಧಿಸಿದ್ದರು, ಮನೆಯಲ್ಲೂ ಮಾಡಬೇಡಿ. ಐದಕ್ಕಿಂತ ಚಿಕ್ಕವರಿಗೆ ಇಡೀ ನೆಲಗಡಲೆ, ಗಟ್ಟಿ ಮಿಠಾಯಿ ಕೊಡಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ. ಎಲ್ಲರೂ ಕೂತೇ ತಿನ್ನಲಿ. ಆಹ್ವಾನದ ಮೆಸೇಜಿನಲ್ಲೇ 'ಯಾವ ತಿಂಡಿಯಾದರೂ ಮೈಗಾಗುವುದಿಲ್ಲವೇ?' ಎಂದು ಕೇಳಿಬಿಡಿ.

ಪ್ರಶ್ನೆ: ಮಗನಿಗೆ ಏಪ್ರಿಲಿನಲ್ಲಿ ಹತ್ತು ವರ್ಷ. ಬೇಕಲದ ಕಡಲ ತೀರದಲ್ಲಿ ಸಂಜೆ ಪಾರ್ಟಿ ಮಾಡಬಹುದೇ?
— ಉದುಮದ ಓದುಗರು

ಉತ್ತರ: ತೀರದಲ್ಲಿ ಮಾಡಬಹುದು, ನೀರಿಗಿಳಿಯುವ ಪಾರ್ಟಿ ಬೇಡ. ಏಪ್ರಿಲ್-ಮೇಯಲ್ಲಿ ಗಾಳಿ ಮಳೆ ಏನೂ ಇಲ್ಲದ ದಿನವೂ ದೂರದ ಸಮುದ್ರದಿಂದ ಬಂದ ಅಲೆ ಒಮ್ಮೆಲೇ ದಡಕ್ಕೇರುವುದುಂಟು. ಕಳ್ಳನಂತೆ ಬರುವುದರಿಂದ ಮೀನುಗಾರರು ಅದಕ್ಕೆ ಕಳ್ಳಕಡಲ್ ಎಂದೇ ಹೆಸರಿಟ್ಟಿದ್ದಾರೆ. 2012ರಲ್ಲಿ ಯುನೆಸ್ಕೊ ಕೂಡ ಆ ಹೆಸರನ್ನೇ ಒಪ್ಪಿಕೊಂಡಿತು. ಇದರ ಮುನ್ನೆಚ್ಚರಿಕೆಯನ್ನು ಕೇಂದ್ರ ಸರಕಾರದ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಕೊಡುತ್ತದೆ. ಹಿಂದಿನ ದಿನ ನೋಡಿ, ಎಚ್ಚರಿಕೆ ಇದ್ದರೆ ಜಾಗ ಬದಲಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ಸಂಜೆಗಿಂತ ಮೇಲು, ಹೊಯಿಗೆಯೂ ಕಾದಿರುವುದಿಲ್ಲ. ಹನ್ನೊಂದರಿಂದ ಮೂರರ ಬಿಸಿಲಿಗೆ ಮಕ್ಕಳನ್ನು ಬಿಡಲೇಬಾರದು. ಅಲೆ ತಾಗಿ ಒದ್ದೆಯಾದ ಗುರುತಿನಿಂದ ಸಾಕಷ್ಟು ಮೇಲೆ ಹಗ್ಗದ ಗಡಿ ಹಾಕಿ, ಹಗ್ಗಕ್ಕೆ ಕಡಲ ಬದಿಯಲ್ಲಿ ಇಬ್ಬರು ದೊಡ್ಡವರು ನಿಲ್ಲಲಿ. ಹಗ್ಗಜಗ್ಗಾಟ ಆಡಿಸಿದರೆ ಯಾರೂ ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳದಂತೆ ನೋಡಿ. ಬೆರಳು ಮುರಿಯುವುದು ಅಲ್ಲೇ.

ಪ್ರಶ್ನೆ: ಬೆಲೂನು, ಸ್ನೋ ಸ್ಪ್ರೇ ಇಲ್ಲದೆ ಹುಟ್ಟುಹಬ್ಬವೇ ಅಲ್ಲ ಎನ್ನುತ್ತಾಳೆ ಮಗಳು. ಅಪಾಯವೇನಾದರೂ ಇದೆಯೇ?
— ಮಂಜೇಶ್ವರದ ಓದುಗರು

ಉತ್ತರ: ಸ್ಪ್ರೇಗೆ ಖಂಡಿತ ಬೇಡ ಎನ್ನಿ. ಅದರ ಅನಿಲ ಉರಿಯುವಂಥದ್ದು. ಕೇಕಿನ ಮೇಲೆ ದೀಪ ಉರಿಯುವಾಗಲೇ ಎಲ್ಲರೂ ಸಿಂಪಡಿಸುತ್ತಾರೆ, ಬೆಂಕಿ ಮಗುವಿನ ಮುಖಕ್ಕೇ ಹೊಡೆಯುತ್ತದೆ. ಜಾತ್ರೆಯ ಗ್ಯಾಸ್ ಬೆಲೂನಿನಲ್ಲಿ ಹೈಡ್ರೋಜನ್ ಇರುವುದುಂಟು, ಅದನ್ನೂ ದೀಪದ ಹತ್ತಿರ ತರಬಾರದು. ಬಾಯಲ್ಲೋ ಪಂಪಿನಲ್ಲೋ ಊದಿದ ಬೆಲೂನು ಆಗಬಹುದು. ಒಡೆದ ಚೂರನ್ನು ಕೂಡಲೇ ಹೆಕ್ಕಿ; ಚಿಕ್ಕ ಮಕ್ಕಳು ಅದನ್ನು ಬಾಯಿಗಿಟ್ಟು ಎಳೆದರೆ ಉಸಿರ ದಾರಿಗೆ ಅಂಟಿಕೊಳ್ಳುತ್ತದೆ. ಬೆಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲ್, ಪ್ಲಾಸ್ಟಿಕ್ ತಟ್ಟೆ-ಲೋಟಗಳು 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಹೇಗೂ ಹಾಳೆ ತಟ್ಟೆ ನಮ್ಮಲ್ಲೇ ತಯಾರಾಗುತ್ತದೆ. ಎಲ್ಲಾದರೂ ಸುಟ್ಟರೆ ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟ್, ತುಪ್ಪ ಹಚ್ಚಬೇಡಿ. ಮುಖಕ್ಕೆ ತಾಗಿದ್ದರೆ ಗಾಯ ಸಣ್ಣದಾದರೂ ಆಸ್ಪತ್ರೆಗೆ ಹೋಗಿ.